ಅಳಿಯ ಮಾಡಿದ ಬಂಪರ್

ಅಳಿಯನ ಬಗ್ಗೆ ಆಡಲು ವೆರ್ನಾ ಲಿಂಡ್‌ಕ್ವಿಸ್ಟ್ ಬಳಿ ಒಂದು ಒಳ್ಳೆಯ ಮಾತೂ ಇರಲಿಲ್ಲ. ಅದು ಅಳಿಯ ಕೋಲ್ಟನ್‌ಗೂ ಗೊತ್ತಿತ್ತು. ಅದಕ್ಕೇ ಮಗಳು ಶೆಲ್ಬಿ ಕೆಲಸಕ್ಕೆ ಹೊರಡುವ ಮೊದಲು ತಾಯಿಯನ್ನು ಅಡುಗೆಮನೆಯಲ್ಲೇ ತಡೆದಿದ್ದಳು. "ರಜಾ ದಿನವೆಲ್ಲ ಕೂತು ನಿನಗೋಸ್ಕರ ಮಾಡಿದಾನಮ್ಮ. ಇವತ್ತೊಂದು ದಿನ ಕೊಂಕು ತೆಗೀಬೇಡ. ಚೆನ್ನಾಗಿದೆ ಅನ್ನು, ಸಾಕು. ನಾಲಿಗೆ ಏನೂ ಸವೆಯಲ್ಲ."

ಅಂಗಳದಲ್ಲಿ ನಿಂತಿದ್ದ ವೆರ್ನಾಳ ಸಣ್ಣ ಪಿಕಪ್ಪಿನ ಹಿಂಭಾಗ ಗುರುತೇ ಸಿಗದಂತಾಗಿತ್ತು. ಕಂಪನಿಯ ತೆಳ್ಳನೆಯ ಬಂಪರ್ ಇದ್ದ ಜಾಗದಲ್ಲಿ ಕಪ್ಪು ಬಣ್ಣ ಬಳಿದ ಉಕ್ಕಿನದೊಂದು ಕುಳಿತಿತ್ತು. ಎರಡೂ ತುದಿಗೆ ಕೆಂಪು ಬಳೆಗಳು. ಭಾನುವಾರ ಮರಳುದಿಬ್ಬಗಳ ಮೇಲೆ ಗಾಡಿ ಹಾರಿಸುವ ಹುಡುಗರಿಗೆ ಕೋಲ್ಟನ್ ತನ್ನ ಶೆಡ್ಡಿನಲ್ಲಿ ಇಂಥವನ್ನು ಮಾಡಿಕೊಡುತ್ತಿದ್ದ. ಇವತ್ತು ಗಾಡಿಯನ್ನೂ ತೊಳೆದಿದ್ದ, ತಲೆಯನ್ನೂ ಬಾಚಿಕೊಂಡಿದ್ದ.

"ಹೇಗಿದೆ ಅತ್ತೆ?"

"ಭಾರ ಇರ್ಬೇಕಲ್ಲ."

"ಭಾರ ಇದ್ರೇನೇ ಗಟ್ಟಿ."

ಗಾಡಿಯ ಹಿಂದೆ ಟ್ರೈಲರ್ ಸಿದ್ಧವಾಗಿತ್ತು. ಅದರ ಮೇಲೆ, ಬಲೆ ಹೊದಿಸಿ ಬಿಗಿದ ಹದಿನಾರು ಜೇನುಪೆಟ್ಟಿಗೆಗಳು. ಚಳಿಗಾಲ ದಾಟಿ ಉಳಿದಿದ್ದವು ಅಷ್ಟೇ. ನದಿಯಾಚೆಯ ದಿಬ್ಬದ ಮೇಲಿನ ತೋಟದಲ್ಲಿ ಸೇಬಿನ ಹೂ ಆಗಲೇ ಬಿರಿದಿತ್ತು. ಬಿಸಿಲೇರುವ ಮೊದಲು ಇವನ್ನು ಅಲ್ಲಿ ಇಳಿಸಬೇಕಿತ್ತು.

ವೆರ್ನಾ ಮೊಣಕಾಲೂರಿ ಗಾಡಿಯ ಅಡಿಗೆ ಇಣುಕಿದಳು. ಟ್ರೈಲರ್ ಎಳೆಯಲು ಚಾಸಿಗೇ ಬಿಗಿದಿದ್ದ ಹಳೆಯ ಕೊಂಡಿ ಕಾಣಲಿಲ್ಲ.

"ಹಳೇ ಕೊಂಡಿ ಎಲ್ಲಿ?"

"ಬಿಚ್ಚಿಟ್ಟೆ. ಇದಕ್ಕೆ ಅಡ್ಡ ಬರ್ತಿತ್ತು. ಟ್ರೈಲರ್ ಸಿಕ್ಕಿಸೋ ಗುಂಡನ್ನ ಬಂಪರ್ ಮೇಲೇ ಕೂರಿಸಿದೀನಲ್ಲ, ನೋಡಿ."

"ಸರಪಳಿ ಎಲ್ಲಿಗೆ ಹಾಕೋದು?"

"ಈ ಕೆಂಪು ಬಳೆಗೆ. ಮರಳಲ್ಲಿ ಹೂತುಹೋದ ಗಾಡೀನ ಇಂಥಾ ಬಳೆ ಹಿಡಿದೇ ಎಳೆದು ತೆಗೆಯೋದು ಅತ್ತೆ. ನಿಮ್ಮ ಜೇನು ಯಾವ ಲೆಕ್ಕ?"

ಮರಳಿನಿಂದ ಎಳೆಯುವುದು ಒಂದು ಗಳಿಗೆಯ ಕೆಲಸ. ಇದು ಏರು, ಇಳಿಜಾರು, ಹಳ್ಳಕೊಳ್ಳದ ದಾರಿ. ಗುಂಡಿನಿಂದ ಟ್ರೈಲರ್ ಜಾರಿದರೂ ಗಾಡಿ ಅದನ್ನು ಬಿಡದಿರಲಿ ಎಂದು ಸರಪಳಿ ಹಾಕುವುದು. ಗುಂಡೂ ಬಂಪರಿನಲ್ಲಿ, ಸರಪಳಿಯೂ ಬಂಪರಿನಲ್ಲಿ. ಹಾಗಾದರೆ ಬಂಪರನ್ನು ಹಿಡಿದುಕೊಂಡಿರುವುದು ಏನು? ವೆರ್ನಾ ಕೈಚಾಚಿ ಸವರಿ ನೋಡಿದಳು. ಚಾಸಿಯ ಎರಡು ಬದಿಗೂ ಒಂದೊಂದು ತೆಳುವಾದ ಕಬ್ಬಿಣದ ಪಟ್ಟಿ, ಎರಡೆರಡು ಬೋಲ್ಟು. ಮಾತು ನಾಲಿಗೆಯ ತುದಿಗೆ ಬಂತು. ಅವಳು ಎದ್ದು ಮಂಡಿಯ ಮಣ್ಣು ಕೊಡವಿಕೊಂಡಳು.

"ಚೆನ್ನಾಗಿದೆ," ಎಂದಳು.

"ನಿಜವಾಗ್ಲೂ?"

"ಹೂಂ. ಅಚ್ಚುಕಟ್ಟಾಗಿದೆ."

ಕೋಲ್ಟನ್ ಕಿವಿಯವರೆಗೂ ಕೆಂಪಾದ. ಅವನೇ ಟ್ರೈಲರಿನ ಬಾಯನ್ನು ಗುಂಡಿನ ಮೇಲೆ ಕೂರಿಸಿ ಪಿನ್ನು ತೂರಿಸಿದ. ಸರಪಳಿಗಳನ್ನು ಕತ್ತರಿಯಂತೆ ಅಡ್ಡ ಹಾಯಿಸಿ ಬಳೆಗಳಿಗೆ ಸಿಕ್ಕಿಸಿದ, ಜಗ್ಗಿ ನೋಡಿದ. ಆಮೇಲೆ ಜೇನು ಕೆರಳದಂತೆ ಹೊಗೆಯಾಡಿಸುವ ಡಬ್ಬಿಯನ್ನು ಎರಡು ಕಾಲುಗಳ ನಡುವೆ ಇಟ್ಟುಕೊಂಡು ವೆರ್ನಾಳ ಪಕ್ಕ ಕುಳಿತು, ಸೇತುವೆ ಬರುವತನಕ ಬಿಡುವಿಲ್ಲದೆ ಮಾತಾಡಿದ. ಪೆಟ್ಟಿಗೆಗಳಿಗೆ ತಗಡಿನ ಮುಚ್ಚಳ ಮಾಡಿಕೊಡುತ್ತಾನಂತೆ. ಟ್ರೈಲರಿಗೆ ಹೊಸ ಹಲಗೆ ಹಾಕುತ್ತಾನಂತೆ. ಇವನಿಗೆ ಇಷ್ಟು ಮಾತು ಬರುತ್ತದೆ ಎಂದು ವೆರ್ನಾಗೆ ಗೊತ್ತಿರಲಿಲ್ಲ. ರೈಲುಹಳಿ ದಾಟುವಾಗ ಹಿಂದೆ ಏನೋ ಟಕ್ಕೆಂದಿತು. ಅವನು ಮಾತು ನಿಲ್ಲಿಸಲಿಲ್ಲ, ಅವಳು ಗಾಡಿ ನಿಲ್ಲಿಸಲಿಲ್ಲ.

ನದಿ ದಾಟಿ ಏರು ಹತ್ತುವಾಗ, ಎರಡನೇ ತಿರುವಿನಲ್ಲಿ, ಗಾಡಿ ಇದ್ದಕ್ಕಿದ್ದಂತೆ ಹಗುರವಾಗಿ ಮುಂದಕ್ಕೆ ನೆಗೆಯಿತು. ವೆರ್ನಾ ಕನ್ನಡಿ ನೋಡಿದಳು. ಟ್ರೈಲರ್ ಹಿಮ್ಮುಖವಾಗಿ, ಅವಸರವಿಲ್ಲದೆ ಇಳಿಯುತ್ತಿತ್ತು. ಕಪ್ಪು ಬಂಪರ್ ಅದರ ಮೂತಿಗೆ ಅಂಟಿಕೊಂಡು ರಸ್ತೆಯ ಮೇಲೆ ಕಿಡಿ ಹಾರಿಸುತ್ತ ಹೋಗುತ್ತಿತ್ತು. ಅಂಚಿನ ಜಲ್ಲಿಗೆ ಚಕ್ರ ಇಳಿಯಿತು. ಟ್ರೈಲರ್ ಒಮ್ಮೆ ತೂಗಾಡಿ, ಕೆಳಗಿನ ಬಂಡೆಗಳ ಮೇಲೆ ಮಗುಚಿಕೊಂಡಿತು.

ಇಬ್ಬರೂ ಮುಖಕ್ಕೆ ಜಾಲರಿ ಇಳಿಸಿಕೊಂಡು ಕೆಳಗಿಳಿದರು. ಬಲೆ ಹರಿದು, ಒಡೆದ ಪೆಟ್ಟಿಗೆಗಳ ಮೇಲೆ ಜೇನು ಕಂದು ಹೊಗೆಯಂತೆ ಎದ್ದಿತ್ತು. ಕೋಲ್ಟನ್ ಮೊದಲು ಬಂಪರಿನ ಬಳಿ ಕುಕ್ಕರುಗಾಲಲ್ಲಿ ಕುಳಿತ. ಗುಂಡು ಟ್ರೈಲರಿನ ಬಾಯೊಳಗೇ ಇತ್ತು. ಪಿನ್ನು ಪಿನ್ನಿನ ಜಾಗದಲ್ಲಿ, ಸರಪಳಿಗಳು ಬಳೆಗಳಲ್ಲಿ. ಎಲ್ಲವೂ ಒಂದಕ್ಕೊಂದು ಭದ್ರವಾಗಿತ್ತು. ಪಟ್ಟಿಗಳು ಮಾತ್ರ ಬೋಲ್ಟಿನ ತೂತುಗಳ ಬಳಿ ಕಾಗದದಂತೆ ಹರಿದಿದ್ದವು.

"ನನ್ನ ವೆಲ್ಡಿಂಗ್ ಒಂದೂ ಬಿಟ್ಟಿಲ್ಲ ಅತ್ತೆ," ಎಂದ.

"ಇಲ್ಲ. ಅದು ಗಟ್ಟಿಯಾಗೇ ಇದೆ."

ಅವನು ಹರಿದ ಪಟ್ಟಿಯ ಅಂಚನ್ನು ಬೆರಳಿಂದ ಮುಟ್ಟಿ ನೋಡಿದ. "ನೀವು ಬಗ್ಗಿ ನೋಡಿದ್ರಲ್ಲ ಬೆಳಿಗ್ಗೆ. ಆಗ ನಿಮಗೇನೂ ಅನ್ನಿಸ್ಲಿಲ್ವಾ?"

"ಅನ್ನಿಸ್ತು."

"ಮತ್ತೆ?"

ವೆರ್ನಾಳ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಶೆಲ್ಬಿ. "ಹೊರಟ್ರಾ? ಚೆನ್ನಾಗಿದೆ ಅಂದ್ಯೇನಮ್ಮ?"

"ಅಂದೆ."

"ಖುಷಿಯಾಯ್ತಾ ಅವನಿಗೆ?"

"ತುಂಬಾ," ಎನ್ನುತ್ತ ವೆರ್ನಾ ಬಂಡೆಗಳ ನಡುವೆ ಇನ್ನೂ ಮುಚ್ಚಳ ಕಳಚದೆ ಉಳಿದಿದ್ದ ಪೆಟ್ಟಿಗೆಗಳನ್ನು ಎಣಿಸಿದಳು. ಐದಿದ್ದವು. ಹನ್ನೊಂದು ಹೋಗಿದ್ದವು.