ಒಂದು ಸೆಕೆಂಡಿನೊಳಗೆ

“ಈ ಕೈ ಯಾಕ ಬಿಟ್ಟಿತು?”

ಗೋರೆಗಾಂವ್‌ನ ಸ್ಟುಡಿಯೋ ಕೋಣೆಯಲ್ಲಿ ಭೀಮರಾಯ ತನ್ನ ಬಲಗೈ ನೋಡುತ್ತ ಕೇಳಿದ. ಅಲ್ಲಿ ಬೇರೆ ಯಾರೂ ಇರಲಿಲ್ಲ.

ನಾಲ್ಕು ತಿಂಗಳ ಹಿಂದೆ ಇಲ್ಲಿಯೇ ಜಾಹೀರಾತೊಂದರ ಚಿತ್ರೀಕರಣ. ಎತ್ತರದ ಅಟ್ಟಣಿಗೆಯಿಂದ ಗೆಳೆಯ ಗುರುಬಸವ ಹೊರಗೆ ಬಾಗಿ ಕೊಡದ ನೀರು ಸುರಿಯಬೇಕು. ಭೀಮರಾಯ ಅವನ ಕೈ ಹಿಡಿದಿರಬೇಕು. ಆಗಲೇ ಪಕ್ಕದ ಗುಡಿಯ ಗಂಟೆ ಮೊಳಗಿತು. ಇಬ್ಬರೂ ಒಂದೇ ಊರಿನವರು, ಒಂದೇ ರೂಢಿಯವರು: ಗಂಟೆ ಕೇಳಿದರೆ ಕೈ ತಾನಾಗಿ ಮುಗಿಯುತ್ತದೆ. ಭೀಮರಾಯನಿಗೆ ಎಚ್ಚರವಾದಾಗ ಅವನ ಅಂಗೈಗಳು ಕೂಡಿಕೊಂಡಿದ್ದವು. ಗುರುಬಸವ ಕೆಳಗೆ ಬಿದ್ದಿದ್ದ.

ಗುರುಬಸವನ ಕಾಲಿಗೆ ಮತ್ತೆ ಬಲ ಬರಲಿಲ್ಲ. ಮಲಾಡಿನ ಚಾಳಿನಲ್ಲಿ ಅವನ ಸ್ನಾನ, ಊಟ, ಮಾಲೀಸು ಎಲ್ಲ ಭೀಮರಾಯನದೇ.

“ಲೇ ಭೀಮ್ಯಾ, ಲಗ್ನದಾಗ ಗಂಟಿ ಬಾರಿಸಿದ್ರ ಹೆಂಡ್ತಿ ಕೈನೂ ಬಿಡ್ತೀಯೇನಲೇ?” ಎಂದು ಗುರುಬಸವ ನಗುತ್ತಿದ್ದ.

ಬಿದ್ದದ್ದು ಗುರುಬಸವನಿಗೆ ನೆನಪಿಲ್ಲ. ಸಂಜೆಯಾದರೆ ಮಾತ್ರ ನಗು ನಿಲ್ಲಿಸಿ ಕೈಮುಗಿಯುತ್ತಿದ್ದ. “ನೀ ಬಿಟ್ರೂ ಆ ದೇವ್ರು ಹಿಡದಾನ. ಆ ಒಂದು ನಂಬಿಗಿ ಮ್ಯಾಲ ಅದೀನಿ.” ಆ ಮಾತು ಬೈಗುಳಕ್ಕಿಂತ ಹೆಚ್ಚು ಸುಡುತ್ತಿತ್ತು.

ಇಂದು ಗುರುಬಸವ ಗಾಲಿಕುರ್ಚಿಯಲ್ಲಿ ಬಾಗಿಲಾಚೆ ಕಾಯುತ್ತಿದ್ದ. ಆ ದಿನ ಕ್ಯಾಮೆರಾ ಸೆರೆಹಿಡಿದದ್ದನ್ನು ಮೊದಲು ತಾನೊಬ್ಬನೇ ನೋಡುತ್ತೇನೆಂದು ಭೀಮರಾಯ ಬೇಡಿಕೊಂಡಿದ್ದ.

ಕ್ಯಾಮೆರಾ ನಡೆಸುವ ಶಿವಕುಮಾರಿ ಬಂದಳು. ಮುಲುಂಡ್‌ನಲ್ಲಿ ಹುಟ್ಟಿದವಳು, ಕನ್ನಡ ತಡವರಿಸುತ್ತದೆ. “ಕಾಕಾ, ಪಕ್ಕಾ ನೋಡ್ಬೇಕಾ? ಒಂದು ಸೆಕೆಂಡ್‌ಗೆ ಸಾವಿರ ಫೋಟೋ. ಸ್ಲೋ ಮೇ ಚಾಲೀಸ್, ನಲವತ್ತು ಸೆಕೆಂಡ್ ಆಗ್ತದೆ.”

“ಹಚ್ಚವ್ವಾ. ತಪ್ಪು ಕಣ್ಣಿಲೆ ನೋಡೇ ಅವನ ಕಾಲಿಗೆ ಬೀಳ್ತೀನಿ.”

ಪರದೆಯ ಮೇಲೆ ನೀರು ಸುರಿಯಲಿಲ್ಲ. ಗಾಜಿನ ಹಾಳೆಯಂತೆ ಬಿಚ್ಚಿಕೊಂಡಿತು. ಅದರ ಅಂಚು ಹರಿದು ಹನಿಗಳು ಗಾಳಿಯಲ್ಲಿ ನಿಂತವು. ಮೂಲೆಯಲ್ಲಿ ಬೆಸೆದ ಎರಡು ಕೈಗಳು. ಭೀಮರಾಯ ಪರದೆಯ ಹತ್ತಿರಕ್ಕೆ ಬಾಗಿದ.

ಅಲ್ಲಿ ಭೀಮರಾಯನ ಬೆರಳು ಸಡಿಲವಾಗಲೇ ಇಲ್ಲ. ಗುರುಬಸವನ ಕೊಡ ಜಾರಿತು. ಅವನ ಮಣಿಕಟ್ಟು ಮೆಲ್ಲಗೆ ತಿರುಗಿ, ಹಿಡಿತದಿಂದ ಕಳಚಿಕೊಂಡು, ಎದೆಯತ್ತ ಏರಿತು. ಅಲ್ಲಿ ಅವನ ಎರಡೂ ಅಂಗೈಗಳು ಕೂಡಿದವು. ಬೀಳುತ್ತಿದ್ದವನ ಮುಖ ಶಾಂತವಾಗಿತ್ತು. ಭೀಮರಾಯನ ಕೈ ಬರಿ ಗಾಳಿಯನ್ನು ಹಿಡಿದು, ಹುಡುಕಿ, ಎಷ್ಟೋ ಹೊತ್ತಿನ ಮೇಲೆ ಮುಗಿಯಿತು.

“ಕಾಕಾ, ಆಪ್ಕೀ ಗಲತೀ ನಹೀ, ನಿಮ್ದು ತಪ್ಪಿಲ್ಲ,” ಎಂದು ಶಿವಕುಮಾರಿ ಪಿಸುಗುಟ್ಟಿದಳು.

ಬಾಗಿಲಾಚೆಯಿಂದ ಗುರುಬಸವನ ದನಿ ಬಂತು. “ಏನ್ ಕಂಡ್ತಲೇ ಭೀಮ್ಯಾ? ಬಿಟ್ಟದ್ದು ನಿಂದೇ ಕೈ, ಹೌದಿಲ್ಲೋ?”

“ನಂದೇ.”

“ನನಗೂ ಒಮ್ಮಿ ತೋರ್ಸು.”

“ತೋರ್ಸಂಗಿಲ್ಲ,” ಎಂದ ಭೀಮರಾಯ, ಗುರುಬಸವನ ಆ ಒಂದು ನಂಬಿಗೆಯನ್ನು ನೆನೆದು.