ನಾಲ್ಕನೇ ನಂಬರಿನ ಅತಿಥಿ

"ರೂಮು ಖಾಲಿ ಮಾಡಲ್ಲ."

ಸಾಲ್ವೋರ್ ಮೆಟ್ಟಿಲ ಮೇಲೆ ನಿಂತೇ ಹೇಳಿದಳು. ಬೆನ್ನಿಗೆ ಚೀಲ, ಕಾಲಿಗೆ ಹೊಸ ಬೂಟು, ಮುಷ್ಟಿಯಲ್ಲಿ ನಾಲ್ಕನೇ ನಂಬರಿನ ಕೀಲಿ. ಕೆಳಗೆ ಗೆಸ್ಟ್‌ಹೌಸಿನ ಯಜಮಾನ ಗೀಸ್ಲಿ ಒದ್ದೆ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ದಾರಿಗೆ ಅಡ್ಡವಾಗಿದ್ದ.

"ಶನಿವಾರ ನಾರ್ವೆಯಿಂದ ಹನ್ನೆರಡು ಜನ ಬರ್ತಿದಾರೆ. ಆ ರೂಮು ಬೇಕೇ ಬೇಕು."

"ಭಾನುವಾರದ ತನಕ ಅದು ನಂದು. ರಿಜಿಸ್ಟರಲ್ಲಿ ಹೆಸರಿದೆ, ನೋಡ್ಕೊಳ್ಳಿ."

"ಅದನ್ನ ನಾನು ಬರೆದಿಲ್ಲ!"

"ಓದೋಕಂತೂ ಬರುತ್ತಲ್ಲ."

ಹೊರಗೆ ವ್ಯಾನಿನ ಹಾರ್ನ್ ಕೇಳಿಸಿತು. ಗೀಸ್ಲಿ ಪಕ್ಕಕ್ಕೆ ಸರಿಯಲೇಬೇಕಾಯಿತು.

ಅರವತ್ತಮೂರರ ಹೆಂಗಸು, ಒಂಟಿಯಾಗಿ ಬಂದು ಸ್ಟಿಕ್ಕಿಸ್‌ಹೋಲ್ಮುರ್‌ನಲ್ಲಿ ಠಿಕಾಣಿ ಹೂಡಿ, ದಿನಕ್ಕೊಂದು ಜಾಗ ನೋಡಿ ಸಂಜೆಗೆ ಮರಳುವುದರಲ್ಲಿ ವಿಚಿತ್ರವೇನಿಲ್ಲ. ಜೂನ್ ತಿಂಗಳಲ್ಲಿ ಈ ಪುಟ್ಟ ಬಂದರಿನಲ್ಲಿ ಅಂಥವರೇ ತುಂಬಿರುತ್ತಾರೆ. ಆದರೆ ಇಷ್ಟು ಜೋರಿನ ಅತಿಥಿಯನ್ನು ಗೀಸ್ಲಿ ಕಂಡಿರಲಿಲ್ಲ.

"ಅಂತೂ ಹತ್ತಿದ್ರಲ್ಲ!" ಎಂದಳು ಪ್ರವಾಸಿಗರ ವ್ಯಾನು ಓಡಿಸುವ ಉನ್ನೂರ್. "ನೀವು ಬರಲ್ಲ ಅಂತಲೇ ಅಂದ್ಕೊಂಡಿದ್ದೆ."

"ಗಾಡಿ ಬಿಡಮ್ಮಾ. ಮತ್ತೆ ಮನಸ್ಸು ಬದಲಾದೀತು."

ಸೋಮವಾರ ಕಿರ್ಕ್ಯುಫೆಲ್ ಬೆಟ್ಟ. ಮಂಗಳವಾರ ಆರ್ನಾರ್‌ಸ್ಟಾಪಿಯ ಬಂಡೆಗಳು. ಕಡಲು ಕಲ್ಲಿನ ಕಮಾನಿನೊಳಗೆ ನುಗ್ಗಿ ನೊರೆಯಾಗಿ ಹೊರಬೀಳುವುದನ್ನು ಸಾಲ್ವೋರ್ ಒಂದು ಗಂಟೆ ನೋಡಿದಳು. ಪರರ ಬಾಯಲ್ಲಿ ಇದನ್ನು ಎಷ್ಟು ಸಲ ಕೇಳಿದ್ದಳೋ. ಕೇಳಿ ತಲೆಯಾಡಿಸಿದ್ದೇ ಬಂತು. ಗಾಳಿಗೆ ಕಣ್ಣಲ್ಲಿ ನೀರು ಬಂತು. ಗಾಳಿಗೇ ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

ಬುಧವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಗೀಸ್ಲಿ ಅಡುಗೆಮನೆಯಿಂದ ತಲೆ ಹಾಕಿದ.

"ಮೊಟ್ಟೆ ಎಷ್ಟು ನಿಮಿಷ?"

"ಆರು. ನಿನ್ನೆ ಥರ ಕಲ್ಲಾದ್ರೆ ವಾಪಸ್ ಕಳಿಸ್ತೀನಿ. ಹಾಸಿಗೆಗೆ ಹೊಸ ಬೆಡ್‌ಶೀಟ್ ಕೂಡ ಹಾಕಿಲ್ಲ."

"ಎಲ್ಲಿದೆಯೋ ಸಿಗ್ತಿಲ್ಲ."

"ಹುಡುಕಿ."

ಗೀಸ್ಲಿಯ ಮುಖ ಕೆಂಪಾಯಿತು. "ನಿಂಗೆ ಎಷ್ಟು ಸೊಕ್ಕು..."

"'ನಿಮಗೆ' ಅನ್ನಿ. ನಾನು ಅತಿಥಿ."

ಅಂದು ಡ್ಯೂಪಾಲೋನ್ ಕಡಲ ದಡಕ್ಕೆ ಹೋದರು. ಅಲ್ಲಿ ನಾಲ್ಕು ಗುಂಡುಕಲ್ಲುಗಳಿವೆ. ಹಿಂದೆ ದೋಣಿಯಲ್ಲಿ ಜಾಗ ಬೇಕಾದ ಗಂಡಸು ಅವನ್ನು ಎತ್ತಿ ತೋರಿಸಬೇಕಿತ್ತು. ಚಿಕ್ಕದು ಕೈಲಾಗದವನ ಕಲ್ಲು. ಅದರಾಚೆಯದನ್ನು ಎತ್ತಿದವನಿಗೆ ಮಾತ್ರ ದೋಣಿಯ ಹುಟ್ಟು ಕೈಗೆ ಸಿಗುತ್ತಿತ್ತು. ಸಾಲ್ವೋರ್ ಚಿಕ್ಕದರ ಕಡೆ ತಿರುಗಿಯೂ ನೋಡದೆ ಎರಡನೆಯದರ ಮುಂದೆ ಕಾಲಗಲಿಸಿ ನಿಂತಳು.

"ಬೇಡ, ಸೊಂಟ ಉಳುಕೀತು!" ಉನ್ನೂರ್ ಕೂಗಿದಳು.

ಒದ್ದೆ ಬಟ್ಟೆ ತುಂಬಿದ ಬುಟ್ಟಿಗಳನ್ನು ಎತ್ತಿದ ಸೊಂಟ ಅದು. ಕಲ್ಲು ಮೊದಲು ಮಿಸುಕಲಿಲ್ಲ. ಆಮೇಲೆ ಒಂದು ಬೆರಳಷ್ಟು ಎದ್ದಿತು, ಒಂದು ಗೇಣು, ಮಂಡಿಯ ಮಟ್ಟ. ಧಪ್ಪೆಂದು ಬಿಟ್ಟಾಗ ವ್ಯಾನಿನವರೆಲ್ಲ ಚಪ್ಪಾಳೆ ತಟ್ಟಿದರು. ಅವಳು ಏದುಸಿರಿನ ನಡುವೆ ಕಡಲಿಗೇ ಕೇಳುವಂತೆ ನಕ್ಕಳು.

ಶುಕ್ರವಾರ ಸಂಜೆ ಗೀಸ್ಲಿ ಅವಳ ರೂಮಿನ ಬಾಗಿಲು ತಟ್ಟಿದ. ದನಿಯಲ್ಲಿ ಜೋರಿರಲಿಲ್ಲ.

"ನಾಳೆ ಹನ್ನೆರಡು ಜನ. ರೂಮು ಹೇಗೋ ಹೊಂದಿಸ್ತೀನಿ, ಕೆಲಸ ನನ್ನೊಬ್ಬನ ಕೈಲಾಗಲ್ಲ."

"ಯಾರನ್ನಾದ್ರೂ ಕೆಲಸಕ್ಕಿಟ್ಕೊಳ್ಳಿ."

"ಇಷ್ಟು ವರ್ಷ ಯಾರೂ ಬೇಕಾಗಿರಲಿಲ್ಲ."

"ಹಾಗಂತ ಯಾರು ಹೇಳಿದ್ದು?"

ಗೀಸ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಬೇಕರಿಯವರ ತಂಗಿಯನ್ನ ಕೇಳಿದೀನಿ. ನಾಳೆಯಿಂದಲೇ ಬರ್ತಾಳಂತೆ. ಚಳಿಗಾಲದ ತನಕ ಇರ್ತಾಳೆ" ಎಂದ. ಹೋಗುವಾಗ ತಿರುಗಿ ಕೇಳಿದ: "ನಾಳೆ ಎಲ್ಲಿಗೆ?"

"ಫ್ಲಾಟೇ ದ್ವೀಪಕ್ಕೆ. ಹಡಗಲ್ಲಿ."

"ಗಾಳಿ ಜೋರಿರುತ್ತೆ. ಕಿವಿ ಮುಚ್ಕೊಂಡು ಹೋಗಿ."

ಶನಿವಾರ ನಸುಕಿಗೇ ನಾರ್ವೆಯವರು ಬಂದಿಳಿದರು. ಬೇಕರಿಯ ಹುಡುಗಿ ಬ್ರೆಡ್ ಕೊಯ್ಯುತ್ತಿದ್ದಳು, ಗೀಸ್ಲಿ ಕಾಫಿ ಚೆಲ್ಲಿಕೊಂಡು ಓಡಾಡುತ್ತಿದ್ದ. ಸಾಲ್ವೋರ್ ಕಿಟಕಿ ಪಕ್ಕದ ಮೇಜಿನಲ್ಲಿ ಕುಳಿತು ನಿಧಾನವಾಗಿ ತಿನ್ನುತ್ತಿದ್ದಳು. ಎದುರಿಗೆ ಕೂತ ನಾರ್ವೆಯ ಹೆಂಗಸು ಮೆಲ್ಲಗೆ ಬಾಗಿದಳು.

"ಈ ಯಜಮಾನರಿಗೆ ಕೆಲಸ ಹೊಸದು ಅನ್ಸುತ್ತೆ. ನೀವು ಇಲ್ಲಿಗೆ ಮುಂಚೆ ಬಂದಿದ್ರಾ?"

ಸಾಲ್ವೋರ್ ಎದ್ದು ಚೀಲ ಹೆಗಲಿಗೇರಿಸಿದಳು.

"ಮೂವತ್ತೆಂಟು ವರ್ಷದ ಹಿಂದೆ ಇವರನ್ನ ಮದುವೆಯಾಗಿ ಬಂದೆ, ಅತಿಥಿಯಾಗಿ ಬಂದಿದ್ದು ಮಾತ್ರ ಈ ವಾರ."