ಇಲಿಮನೆಯ ಕಣ್ಣೀರು

"ಬಾಗಿಲು ಮುಚ್ಚೇ! ಪ್ರೊಮಾಯಾ ಹೊಡೀತಿದೆ!" ಪ್ರೊಫೆಸರ್ ವುಕಾಶಿನ್ ಕಿರುಚಿದ. ಪ್ರೊಮಾಯಾ, ಅಂದರೆ ಸಂದಿಗಾಳಿ, ಸೋಕಿದರೆ ಪ್ರಾಣವೇ ಹೋಗುತ್ತದೆಂದು ನಂಬಿದ ಶ್ವಾಸಕೋಶ ತಜ್ಞ! ನಿಶ್ ಊರಿನಲ್ಲಿ ಹಾಗೆ ನಂಬದವರಾದರೂ ಯಾರು? ಅವನ ಕತ್ತಿಗೆ ಹಸಿರು ಉಣ್ಣೆಯ ಮಫ್ಲರ್. ತುದಿಯಲ್ಲಿ ಕೆಂಪು ದಾರದ ಹೆಸರಕ್ಷರ. ಮಗನ ಕತ್ತು ಹಿಡಿಯದಿರಲೆಂದು ಅಮ್ಮ ಪ್ರತಿ ಚಳಿಗಾಲಕ್ಕೂ ಇಂಥದ್ದೇ ಒಂದನ್ನು ಹೆಣೆದು ಕಳಿಸುತ್ತಿದ್ದಳು.

ಸಂಶೋಧನಾ ವಿದ್ಯಾರ್ಥಿನಿ ಯಸ್ನಾ ಬಾಗಿಲು ಮುಚ್ಚಿದಳು. ಕೆನ್ನೆ ಒದ್ದೆಯಾಗಿತ್ತು.

ಪ್ರಯೋಗದ ಇಲಿಗಳನ್ನು ಪಂಜರದಲ್ಲಿ ಸಾಕುವ ಈ ಇಲಿಮನೆಯ ಮೇಜಿನ ಮೇಲೆ ಎರಡು ತಟ್ಟೆ. ಒಂದರಲ್ಲಿ ಆಮ್ಲ ಕೊಟ್ಟ ಇಲಿಗಳ ಶ್ವಾಸಕೋಶ. ಊದಿ, ನೀರು ತುಂಬಿ, ಕೆಂಪುಗಟ್ಟಿತ್ತು. ಹಾಗೇ ಆಗಬೇಕಿತ್ತು, ಮನುಷ್ಯರ ಶ್ವಾಸಕೋಶ ದಿಢೀರನೆ ಕೆಡುವ ಕಾಯಿಲೆಯನ್ನು ಇಲಿಯಲ್ಲಿ ಹುಟ್ಟಿಸಿ ನೋಡುವುದೇ ಅವರ ಕೆಲಸ. ಇನ್ನೊಂದರಲ್ಲಿ ಬರೀ ಉಪ್ಪುನೀರು ಕೊಟ್ಟ ಇಲಿಗಳದು. ತಿಳಿಗುಲಾಬಿ ಬಣ್ಣ ಇರಬೇಕಿತ್ತು. ಅವೂ ಕೆಟ್ಟಿದ್ದವು.

"ಸಿರಿಂಜ್ ಅದಲುಬದಲು ಮಾಡಿದ್ದೀಯ. ಒಪ್ಕೋ."

"ಇಲ್ಲ, ಪ್ರೊಫೆಸರ್."

"ಹಾಗಾದ್ರೆ ಇಲಿಗಳೇ ಆಮ್ಲ ಕುಡಿದ್ವಾ? ರಾಕಿಯಾ ಹೆಂಡ ಅಂದ್ಕೊಂಡು?" ತನ್ನ ಹಾಸ್ಯಕ್ಕೆ ತಾನೇ ನಕ್ಕ. "ಅತ್ತರೆ ಬಿಡ್ತೀನಿ ಅಂದ್ಕೊಂಡ್ಯಾ? ಈ ಕೋಣೆಗೆ ಬಂದಾಗೆಲ್ಲ ಇದೇ ಗೋಳು."

"ನಾನು ಅಳ್ತಿಲ್ಲ."

"ಸುಳ್ಳು ಬೇರೆ!" ನಕ್ಕು ನಕ್ಕು ಸಾಕಾಗಿ ಮಫ್ಲರಿನ ತುದಿಯಿಂದ ತನ್ನ ಕಣ್ಣೊರೆಸಿಕೊಂಡ.

ಗೋಡೆಯ ಗಾಳಿಕಿಂಡಿಯ ಕೆಳಗೇ ಅವನ ಕುರ್ಚಿ. ಅಲ್ಲೇ ಕಾಫಿ, ಅಲ್ಲೇ ಬೈಗುಳ. ದುಡಿಮೆ ಯಸ್ನಾಳದು, ಪ್ರಬಂಧದ ಮೇಲೆ ಮೊದಲ ಹೆಸರು ಈ ಮಹಾಶಯನದು.

"ನಿನ್ನ ಡಾಕ್ಟರೇಟ್ ಇಲ್ಲಿಗೆ ಮುಗೀತು. ನಿನ್ನ ಸಾಮಾನಿನ ಡಬ್ಬ ಎತ್ಕೊಂಡು ಹೊರಡು. ಬೇರೆ ಯಾವ ಲ್ಯಾಬಿಗೂ ಸೇರಿಸದ ಹಾಗೆ ನಾನು ನೋಡ್ಕೋತೀನಿ."

ಅವಳ ಡಬ್ಬ ಅವನ ಕುರ್ಚಿಯ ಪಕ್ಕದ ಕಪಾಟಿನ ನೆತ್ತಿಯ ಮೇಲಿತ್ತು.

"ಸ್ವಲ್ಪ ಎದ್ದೇಳಿ," ಎಂದವಳು ಅವನ ಕುರ್ಚಿಯನ್ನೇ ಹತ್ತಿದಳು. ಮುಖ ಗಾಳಿಕಿಂಡಿಯ ಮಟ್ಟಕ್ಕೆ ಬಂತು. ಗಾಳಿಯೇ ಇಲ್ಲ. ಡಬ್ಬ ಬಿಟ್ಟು ಜಾಲರಿ ಕಿತ್ತಳು.

"ಏಯ್, ಅದನ್ನ ಮುಟ್ಬೇಡ! ನನ್ನ ಕತ್ತು ಹಿಡ್ಕೊಳ್ಳುತ್ತೆ!"

ಒಳಗೆ ಮೆತ್ತಗಿನದೇನೋ ಕೈಗೆ ಸಿಕ್ಕಿತು. ಎಳೆದಳು. ಚಳಿಗಾಳಿ ನುಗ್ಗಿತು. ಕೆಳಗೆ ಹಾರಿ ಬಾಗಿಲನ್ನೂ ತೆರೆದಳು. ಎರಡೂ ತಟ್ಟೆಯ ಇಲಿಗಳು ಹಗಲಿರುಳು ಉಸಿರಾಡಿದ್ದ ಘಾಟು, ಅವುಗಳದೇ ಮೂತ್ರದ ಅಮೋನಿಯಾ, ಹೊರಗೆ ಹರಿಯಿತು. ಯಸ್ನಾಳ ಕಣ್ಣು ನಿಧಾನವಾಗಿ ಒಣಗಿತು.

ಅವಳ ಕೈಯಲ್ಲಿ ಹೋದ ಚಳಿಗಾಲದ ಹಸಿರು ಮಫ್ಲರ್ ನೇತಾಡುತ್ತಿತ್ತು. ತುದಿಯಲ್ಲಿ ಪ್ರೊಫೆಸರನ ಅಮ್ಮ ಹೆಣೆದ ಅದೇ ಕೆಂಪಕ್ಷರ.